ಹಸಿರು ಅಂಗೈ

ಕಳೆದ ವಾರ ಬಸವಕಲ್ಯಾಣದ ಹಳೆ ಪೇಟೆಯಲ್ಲಿ ಖಾಜಾಮಿಯಾ ಅವರ ಬಣ್ಣದ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದೆ. ಒಳಗೆ ಒಬ್ಬ ಗಿರಾಕಿಗೆ ತೋರಿಸಲು ಅವರು ಚಿಟಿಕೆ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಕಲಸುತ್ತಿದ್ದರು. ವಾಸನೆ ಮೂಗಿಗೆ ಬಡಿದದ್ದೇ ನನಗರಿವಿಲ್ಲದೆ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡೆ. ಸ್ವಚ್ಛವಾಗಿದ್ದವು. ಹೋದ ವರ್ಷ ಇದೇ ದಿನಗಳಲ್ಲಿ ಅವು ಹಸಿರಾಗಿದ್ದವು. ಆ ಹಸಿರಿನ ಹಿಂದೆ ನನ್ನದೊಂದು ಕೆಲಸವೂ ಹೋಯಿತು. ಅದಕ್ಕೆ ಇಂದಿಗೂ ಬೇಸರವಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮದು ಕುರಿ ಸಾಕುವ ಮನೆ. ನಿರ್ಣಾದ ಆಚೆ, ಕಪ್ಪು ಮಣ್ಣಿನ ಹೊಲಗಳ ನಡುವೆ ಊರು. ಅಪ್ಪ ತೀರಿಕೊಂಡ ಮೇಲೆ ಹಿಂಡನ್ನು ಅಪ್ಪನ ತಮ್ಮ ಮಾಳಪ್ಪ ಕಾಕಾ ನೋಡಿಕೊಳ್ಳುತ್ತಾರೆ. ಮಳೆಗಾಲದಲ್ಲಿ ಕಪ್ಪು ಮಣ್ಣಿನ ಕೆಸರಿನಲ್ಲಿ ನಿಂತರೆ ಕುರಿಯ ಗೊರಸು ಕೊಳೆಯುತ್ತದೆ. ಹಾಗಾಗಿ ಮೃಗಶಿರ ಮಳೆ ಹಿಡಿಯುವ ಮೊದಲು ಹಿಂಡು ಮನ್ನಾಏಖೇಳ್ಳಿಯಲ್ಲಿ ಹೆದ್ದಾರಿ ದಾಟಿ, ಹುಮನಾಬಾದನ್ನು ಬಳಸಿ, ಕೊಹಿನೂರದ ಕಡೆಯ, ನೀರು ನಿಲ್ಲದ ಕೆಂಪು ಮಡ್ಡಿಗೆ ಹೋಗಬೇಕು. ಹೊರಡುವ ಮೊದಲು ಉಣ್ಣೆ ಕತ್ತರಿಸಿ, ಬೋಳಾದ ಬೆನ್ನಿನ ಮೇಲೆ ಮನೆತನದ ಗುರುತು ಹಾಕುತ್ತಾರೆ. ದಾರಿಯಲ್ಲಿ ಬೇರೆ ಹಿಂಡಿನೊಂದಿಗೆ ಬೆರೆತರೆ ಬಿಡಿಸಿಕೊಳ್ಳಲು ಅದೇ ಆಧಾರ. ಒಬ್ಬರದು ಕೆಂಪು ಪಟ್ಟೆ, ಇನ್ನೊಬ್ಬರದು ನೀಲಿ ಬೊಟ್ಟು. ನಮ್ಮದು ಹಸಿರು ಅಂಗೈ. ಬಣ್ಣದಲ್ಲಿ ಅದ್ದಿದ ಕೈಯನ್ನು ಬೆನ್ನ ಮೇಲೆ ಒತ್ತಿ ಎತ್ತುವುದು, ಅಷ್ಟೆ.

ಇನ್ನೊಂದು ಪದ್ಧತಿಯಿದೆ. ಕೂಸಿಗೆ ಹೆಸರಿಟ್ಟ ದಿನ ಒಂದು ಹೆಣ್ಣುಮರಿಯನ್ನು ಅದರ ಹೆಸರಿಗೆ ಬಿಡುತ್ತಾರೆ. ಆ ಮರಿಯ ಸಂತತಿಯೆಲ್ಲ ಆ ಕೂಸಿನದು. ಕೂಸು ಬೆಳೆದು ಎಲ್ಲಿಗೇ ಹೋಗಲಿ, ಅದರ ಪಾಲು ಹಿಂಡಿನಲ್ಲಿ ನಡೆಯುತ್ತಲೇ ಇರುತ್ತದೆ. ನನ್ನ ಪಾಲೂ ಇದೆ, ನನ್ನ ತಮ್ಮ ರೇವಣ್ಣನದೂ ಇದೆ. ಅವರವರ ಪಾಲಿಗೆ ಅವರವರೇ ಅಂಗೈ ಒತ್ತಬೇಕು. ಸೈನ್ಯಕ್ಕೆ ಸೇರಿದ ಮೇಲೂ ರೇವಣ್ಣ ರಜೆಯನ್ನು ಆ ದಿನಕ್ಕೆ ಹೊಂದಿಸಿಕೊಂಡು ಬರುತ್ತಿದ್ದ. ತಪ್ಪಿಸಿಕೊಳ್ಳುತ್ತಿದ್ದವಳು ನಾನು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಬಸವಕಲ್ಯಾಣದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ಆ ಬಣ್ಣ ವಾರಗಟ್ಟಲೆ ಹೋಗುವುದಿಲ್ಲ. ಹಸಿರು ಕೈಯಲ್ಲಿ ಹಾಜರಿ ತೆಗೆದುಕೊಳ್ಳುವುದು ನನಗೆ ಮುಜುಗರ. ನನ್ನ ಪಾಲಿಗೂ ಕಾಕಾ ಒತ್ತುತ್ತಿದ್ದರು. ಊರಿಗೆ ಬರುವಾಗ ಖಾಜಾಮಿಯಾ ಅವರ ಅಂಗಡಿಯಿಂದ ಪುಡಿ ತರುವುದಷ್ಟೇ ನನ್ನ ಕೆಲಸ.

ಆ ಬೇಸಿಗೆಯಲ್ಲಿ ದೇಶದ ಗಡಿಯಲ್ಲಿ ಗುಂಡಿನ ಸದ್ದು ಶುರುವಾಯಿತು. ರೇವಣ್ಣ ಅಲ್ಲೇ ಎಲ್ಲೋ ಇದ್ದ; ಎಲ್ಲಿ ಎಂದು ನಾವು ಕೇಳುವಂತಿರಲಿಲ್ಲ. "ಇನ್ನ ಸ್ವಲ್ಪ ದಿನ ಫೋನ್ ಹತ್ತಂಗಿಲ್ಲ ಅಕ್ಕಾ. ಅವ್ವಗ ನೀನ ಹೇಳು" ಎಂದವನು ಇಟ್ಟುಬಿಟ್ಟ. ಅವ್ವ ಟಿ.ವಿ. ಕಾಣುವಂತೆ ಗ್ಯಾಸಿನ ಒಲೆಯನ್ನು ಪಡಸಾಲೆಗೆ ತಂದಿಟ್ಟುಕೊಂಡು ರೊಟ್ಟಿ ಬಡಿಯತೊಡಗಿದಳು. ಪರದೆಯ ಮೇಲೆ ಸೈರನ್ ಕೂಗಿದಾಗಲೆಲ್ಲ ಅವಳ ಕೈ ಹಿಟ್ಟಿನ ಮೇಲೆ ನಿಲ್ಲುತ್ತಿತ್ತು.

ನಮ್ಮ ಜಿಲ್ಲೆಗೆ ಗಡಿ ಎಂದರೆ ಒಂದು ಕಡೆ ಮರಾಠಿ ಸೀಮೆ, ಇನ್ನೊಂದು ಕಡೆ ತೆಲುಗು ಸೀಮೆ. ಆ ಗಡಿಗಳನ್ನು ಜನ ಮದುವೆಗೆ, ಸಂತೆಗೆ ದಾಟುತ್ತಾರೆ. ದೇಶದ ಗಡಿ ಇಲ್ಲಿಂದ ಬಹಳ ದೂರ. ಆದರೂ ಮನ್ನಾಏಖೇಳ್ಳಿಯ ಹೆದ್ದಾರಿ ಕ್ರಾಸಿನಲ್ಲಿ ಒಂದು ಶಾಮಿಯಾನ ಎದ್ದಿತು. ಅದರ ಕೆಳಗೆ ಒಂದೇ ಬಣ್ಣದ ಟೀ ಶರ್ಟ್ ತೊಟ್ಟ ಹುಡುಗರು, ಕೈಯಲ್ಲಿ ಬಡಿಗೆ, ಕೊರಳಲ್ಲಿ ಸೀಟಿ. ಅವರು ತಮ್ಮ ಗುಂಪಿಗೆ ಇಟ್ಟುಕೊಂಡ ಹೆಸರು ಉದ್ದವಾಗಿತ್ತು. ಜನ ಬರೀ 'ದಳ' ಎಂದರು. ದಳದವರು ಲಾರಿ ನಿಲ್ಲಿಸಿ ಹೊದಿಕೆ ಎತ್ತಿ ನೋಡುತ್ತಿದ್ದರು; ಡ್ರೈವರ್‌ಗಳ ಹೆಸರು ಕೇಳುತ್ತಿದ್ದರು. ಹೆಸರು ಕೇಳಿದ ಮೇಲೆ ಕೆಲವರನ್ನು ಬೇಗ ಬಿಡುತ್ತಿದ್ದರು, ಕೆಲವರನ್ನು ಬಿಸಿಲಿನಲ್ಲಿ ನಿಲ್ಲಿಸುತ್ತಿದ್ದರು.

ಅವರ ಮುಂದಾಳು ಸಂತೋಷ. ಅವನನ್ನು ಚಿಕ್ಕಂದಿನಿಂದ ಬಲ್ಲೆ. ರೇವಣ್ಣನ ಜೊತೆ ಶಾಲೆಗೆ ಹೋದವನು. ಭರ್ತಿಗಾಗಿ ಇಬ್ಬರೂ ಬೆಳಿಗ್ಗೆ ಇದೇ ಹೆದ್ದಾರಿಯ ಅಂಚಿನಲ್ಲಿ ಓಡುತ್ತಿದ್ದರು, ಬಂದು ನಮ್ಮನೆಯಲ್ಲಿ ರೊಟ್ಟಿ, ಪುಂಡಿಪಲ್ಲೆ ತಿನ್ನುತ್ತಿದ್ದರು. ಓಟದಲ್ಲಿ ಸಂತೋಷನೇ ಮುಂದು. ಎದೆಯ ಅಳತೆಯಲ್ಲಿ ಅವನನ್ನು ಹೊರಗೆ ಹಾಕಿದರು. ಆ ದಿನ ಅವನು ನಮ್ಮ ಅಂಗಳಕ್ಕೆ ಬಂದು, ರೇವಣ್ಣನಿಗೆ ಪೇಡೆ ತಿನ್ನಿಸಿ, ತಾನು ತಿನ್ನದೆ ಹೋಗಿದ್ದ.

ನಾನು ಬಣ್ಣಕ್ಕೆ ಹೋದಾಗ ಖಾಜಾಮಿಯಾ ಅವರ ಅಂಗಡಿಯ ಮುಂಭಾಗದಲ್ಲಿ ಕೆಂಪು, ಹಳದಿ, ನೀಲಿ ಡಬ್ಬಿಗಳಿದ್ದವು. ಹಸಿರಿನ ಜಾಗ ಖಾಲಿಯಿತ್ತು.

"ಬಾ ಬೇಟಿ. ಈ ಸಾರಿ ನೀಲಿ ಒಯ್ಯಿ" ಎಂದರು.

"ನೀಲಿ ಬ್ಯಾರೆ ಮನಿಯವರ ಗುರುತು ಚಾಚಾ."

"ಹಂಗಂದ್ರ ಹಳದಿ. ನೋಡು, ಎಷ್ಟ ಚೊಲೋ ಅದ."

"ಹಸರು ಇಲ್ಲೇನ್ರಿ?"

ಅವರು ಬೀದಿಯತ್ತ ಒಮ್ಮೆ ನೋಡಿದರು. "ಇಲ್ಲ ಅಂತ ಹ್ಯಾಂಗ ಅನ್ಲಿ? ಸುಳ್ಳಾಗ್ತದ." ಒಳಗೆ ಹೋಗಿ, ಪೇಪರಿನಲ್ಲಿ ಸುತ್ತಿದ ಪೊಟ್ಟಣ ತಂದರು. "ಮನ್ನಿ ಒಂದ ನಾಕ ಮಂದಿ ಬಂದಿದ್ರು. ಹಸರ ಡಬ್ಬಿ ಎದುರಿಗಿ ಯಾಕ ಇಟ್ಟೀ ಅಂದ್ರು. ನಾ ಏನಂದೆ ಗೊತ್ತೇನು? ನಿಮ್ಮ ಹೊಲದಾಗ ತೊಗರಿ ಯಾವ ಬಣ್ಣ ಬೆಳೀತದ, ಅದನ್ನ ಮೊದಲ ಕೇಳ್ಕೊಂಡ ಬರ್ರಿ ಅಂದೆ."

"ಹಂಗಂದ್ರಾ?"

"ಎಲ್ಲಿ ಬೇಟಿ. ಮನಸಿನ್ಯಾಗ ಅಂದೆ." ಅವರು ನಕ್ಕರು. ಪೊಟ್ಟಣ ಕೊಡುವಾಗ ನಗು ಇರಲಿಲ್ಲ. "ಚೀಲದ ತಳದಾಗ ಇಟ್ಕೋ. ಮ್ಯಾಲ ಬಟ್ಟಿ ಹಾಕು."

ನಾನು ಬಟ್ಟೆ ಹಾಕಲಿಲ್ಲ. ನೆಲಕ್ಕೆ ಬಳಿಯುವ ಸಾಧಾರಣ ಆಕ್ಸೈಡ್ ಪುಡಿ ಅದು. ಅದನ್ನು ಬಚ್ಚಿಡಬೇಕಾದ ದಿನ ಬಂದಿದೆ ಎಂದು ಒಪ್ಪಿಕೊಳ್ಳುವುದು ನನ್ನಿಂದಾಗಲಿಲ್ಲ.

ಹುಮನಾಬಾದದಲ್ಲಿ ಬಸ್ಸು ಬದಲಿಸಿ ಹೊರಟೆ. ಮನ್ನಾಏಖೇಳ್ಳಿ ಕ್ರಾಸಿನಲ್ಲಿ ದಳದ ಇಬ್ಬರು ಬಸ್ಸು ಹತ್ತಿದರು. ಸೀಟಿನಿಂದ ಸೀಟಿಗೆ ಬಡಿಗೆಯ ತುದಿಯಿಂದ ಚೀಲಗಳನ್ನು ಮುಟ್ಟುತ್ತ ಬಂದು ನನ್ನ ಚೀಲದ ಬಳಿ ನಿಂತರು. ಪೊಟ್ಟಣ ಒಂದು ಮೂಲೆಯಲ್ಲಿ ಸೋರಿ ಹಸಿರು ಕಾಣುತ್ತಿತ್ತು.

"ಏನ್ರಿ ಮೇಡಂ ಇದು?"

"ಬಣ್ಣ."

"ಹಸರ ಬಣ್ಣ! ಈಗ? ಎದಕ್ಕ?"

"ಕುರಿಗೆ."

"ಕುರಿಗೇನ ಈದ್ ಅದ ಏನ್ರಿ?" ಇನ್ನೊಬ್ಬ ನಕ್ಕ. "ಬಾಂಬಿನ ಪುಡಿ ಇದ್ರೂ ಇರ್ತದ. ಇಳೀರಿ ಕೆಳಗ."

ಹಿಂದಿನ ಸೀಟಿನ ಮುದುಕಿಯೊಬ್ಬಳು ಎದ್ದು ನಿಂತಳು. "ಬಾಂಬ್ ಇದ್ರ ಅಕಿ ನಿಮ್ಮ ಕೈಯಾಗ ಕೊಟ್ಟ ತಾ ಇಳದ ಹೋಗ್ತಾಳ ಬಿಡ್ರೋ. ನನ್ನ ಎಮ್ಮಿ ಹಿಂಡೂ ಹೊತ್ತಾತು. ನಿಮ್ಮವ್ವಂದ್ರ ಮನ್ಯಾಗ ಕೆಲಸ ಹಚ್ಚಂಗಿಲ್ಲೇನು ನಿಮಗ?" ಬಸ್ಸು ನಕ್ಕಿತು. ನಕ್ಕದ್ದರಿಂದ ಅವರಿಬ್ಬರ ಮುಖ ಇನ್ನೂ ಬಿಗಿಯಿತು. ಅಷ್ಟರಲ್ಲಿ ಸಂತೋಷ ಬಾಗಿಲಲ್ಲಿ ಕಾಣಿಸಿಕೊಂಡ.

"ಅಕ್ಕಾ, ನೀವೇನ್ರಿ?" ಎಂದ. ಪೊಟ್ಟಣವನ್ನು ಅವನೇ ನನ್ನ ಮಡಿಲಲ್ಲಿಟ್ಟ. "ಇವ್ರು ನಮ್ಮ ರೇವಣ್ಣನ ಅಕ್ಕ, ನಡೀರಿ" ಎಂದು ಹುಡುಗರನ್ನು ಇಳಿಸಿದ. ಆಮೇಲೆ ದನಿ ತಗ್ಗಿಸಿದ. "ಈ ಸಲ ಹಸರು ಬ್ಯಾಡ ಅಕ್ಕಾ. ಎಲ್ಲಾ ಹಿಂಡಿನವರೂ ಕೇಸರಿ ಹಚ್ಚಾಕತ್ತಾರ. ಹಸರು ಹಚ್ಚಿದ್ದ ಇಲ್ಲಿ ದಾಟಾಕ ಬಿಡಬಾರ್ದು ಅಂತ ಠರಾವ ಆಗ್ಯಾದ. ನಿಮ್ದು ಸೈನಿಕನ ಮನಿ. ನೀವ ಮಾದರಿ ಆಗಬೇಕು."

ಬಸ್ಸು ಹೊರಟಾಗ ಶಾಮಿಯಾನದ ಮೇಲಿನ ಫ್ಲೆಕ್ಸ್ ಕಿಟಕಿಯಲ್ಲಿ ಬಂತು. ದೇಶದ ನಕಾಶೆ, ಬಾಯಿ ತೆರೆದ ಹುಲಿ, ನಡುವೆ ಸಮವಸ್ತ್ರದಲ್ಲಿ ನಗುತ್ತಿರುವ ರೇವಣ್ಣ. ಅಂಚಿನುದ್ದಕ್ಕೂ ದಳದವರ ಪುಟ್ಟ ಪುಟ್ಟ ಮುಖಗಳು.

ಆ ಫೋಟೋ ತೆಗೆದವಳು ನಾನು. ಹಿಂದಿನ ವರ್ಷ ಅವನು ರಜೆಗೆ ಬಂದು ಅಂಗಳದಲ್ಲಿ ಕಾಲಿಟ್ಟಾಗ, ಬಟ್ಟೆ ಬದಲಿಸಲೂ ಬಿಡದೆ ಕಾಕಾ ಅವನ ತೋಳಿಗೊಂದು ಮರಿ ಕೊಟ್ಟಿದ್ದರು. ಅವನ ಪಾಲಿನ ಮರಿ. ಅಲ್ಲೇ ಬಣ್ಣದ ಬೋಗುಣಿಯಲ್ಲಿ ಕೈ ಅದ್ದಿ ಅದರ ಬೆನ್ನಿಗೆ ಒತ್ತಿ, ಅದನ್ನೆತ್ತಿ ನಕ್ಕಿದ್ದ. ಅವನ ವಾಟ್ಸಾಪಿನಿಂದ ತೆಗೆದುಕೊಂಡವರು ಚಿತ್ರವನ್ನು ಎದೆಯ ಮಟ್ಟಕ್ಕೆ ಕತ್ತರಿಸಿದ್ದರು. ಮರಿ ಇರಲಿಲ್ಲ. ಯಾತಕ್ಕೆ ನಗುತ್ತಿದ್ದಾನೆ ಎಂಬುದೂ ಇರಲಿಲ್ಲ.

ಮನೆಯಲ್ಲಿ ವಿಷಯ ಹೇಳಿದಾಗ ಕಾಕಾಗೆ ಅದು ಮೊದಲೇ ಗೊತ್ತಿತ್ತು. ಕತ್ತರಿ ಮಸೆಯುತ್ತಿದ್ದವರು ತಲೆ ಎತ್ತಲಿಲ್ಲ.

"ಬಣ್ಣದ ಸಲುವಾಗಿ ಯಾಕ ಜಗಳ? ಕೇಸರಿ ಹಚ್ಚಿದ್ರಾತು. ಮಿರಗದ ಮಳಿ ಬಂದ್ರ ಕೆಸರಾಗ ಕಾಲ ಕೊಳಸಾಕ ಆಗ್ತದೇನು? ನನಗ ದಾಟೂದ ಮುಖ್ಯ."

"ಎಲ್ಲಾ ಹಿಂಡೂ ಕೇಸರಿ ಆದ್ರ, ಬೆರತಾಗ ಬಿಡಸೂದ ಹ್ಯಾಂಗ ಕಾಕಾ?"

"ಅದೂ ಖರೇನ" ಎಂದರು. ಮತ್ತೆ ಮಸೆಯತೊಡಗಿದರು.

ಅವ್ವ ಟಿ.ವಿ. ಧ್ವನಿ ಕಡಿಮೆ ಮಾಡಿದಳು. "ಅವ್ನ ಫೋಟೋ ಹಾಕ್ಯಾರ. ನಾಳೆ ಅವ್ರ ಸಿಟ್ಟಾಗಿ ಮೊಬೈಲಿನ್ಯಾಗ ಉಲ್ಟಾ ಬರದ್ರ? ನಮ್ಮ ಹುಡುಗ ಅಲ್ಲಿ ನಿಂತಾನ. ಇಲ್ಲಿ ನಮ್ಮಿಂದ ಅವ್ಗ ಒಂದ ಮಾತ ಬರಬಾರ್ದು. ನಿನಗ ಎಲ್ಲಾ ಪುಸ್ತಕದಂಗ ಸರಿ ಇರಬೇಕು."

ಅವಳ ಭಯ ಸುಳ್ಳಲ್ಲ. ನನಗೂ ಅದೇ ಭಯವಿತ್ತು. ಹೇಳಿಕೊಳ್ಳುವ ಅಭ್ಯಾಸ ನನಗಿಲ್ಲ ಅಷ್ಟೆ.

ಆಯಿ ಬೇವಿನ ನೆರಳಿನಲ್ಲಿ ಉಣ್ಣೆ ನೂಲುತ್ತಿದ್ದಳು. ಆಯಿ ಎಂದರೆ ಅಪ್ಪನ ತಾಯಿ, ತೊಂಬತ್ತರ ಹತ್ತಿರದವಳು. ತಾಯಿಯ ತವರಿಗೇ ಸೊಸೆಯಾಗಿ ಬಂದವಳಾದ್ದರಿಂದ ಹುಟ್ಟಿದಾಗಿನಿಂದ ಇದೇ ಹಿಂಡನ್ನು ನೋಡಿದ್ದಾಳೆ. ನಮ್ಮ ಮಾತು ಅವಳಿಗೆ ಕೇಳಿಸಿತ್ತು.

"ಬಡಿಗಿ ಹಿಡಕೊಂಡ ಕ್ರಾಸಿಗಿ ನಿಂತಾರೇನು?" ಎಂದಳು.

"ಹೌದಾಯಿ. ಗಡಿ ಕಾಯಾಕತ್ತೇವಿ ಅಂತಾರ."

"ಗಲಾಟಿ ವರ್ಷನೂ ಹಿಂಗ ನಿಂತಿದ್ರು."

ನಿಜಾಮನ ರಾಜ್ಯ ಭಾರತಕ್ಕೆ ಸೇರುವ ಮುಂಚಿನ ಆ ವರ್ಷದ ಬಗ್ಗೆ ನಾನು ಅಲ್ಲಿ ಇಲ್ಲಿ ಓದಿದ್ದೆ. ಆಯಿಯ ಬಾಯಲ್ಲಿ ಅದು ಬಂದದ್ದು ಕಡಿಮೆ. ಕದಿರು ತಿರುಗಿಸುತ್ತಲೇ ಹೇಳಿದಳು.

"ಆಗ ನಾ ಸಣ್ಣಾಕಿ. ಕುರಿ ಹಿಂದ ಅಡ್ಡಾಡತಿದ್ದೆ. ಅವ್ರೂ ಸರಕಾರಿ ಫೌಜ್ ಅಲ್ಲ, ತಾವ ಹುಟ್ಟಿಕೊಂಡವ್ರು. ರಾಜ್ಯದ ಗಡಿ ಕಾಯಾಕತ್ತೇವಿ, ಆ ಕಡಿಂದ ದುಶ್ಮನ್ ಬರಾಕತ್ತಾನ ಅಂತಿದ್ರು. ಮೊದಲ ಬಂಡಿ ತಡದ ನೋಡಿದ್ರು. ಆಮ್ಯಾಲ ಬಂಡ್ಯಾಗಿಂದ ಒಯ್ದ್ರು. ಆಮ್ಯಾಲ ಬಂಡಿ ಹೊಡ್ಯಾವನ್ನೂ ಒಯ್ದ್ರು. ನಮ್ಮ ಮಂದಿಯ ಕುರಿ ಕಂಡಲ್ಲಿ ಅವ್ರ ಹೊಡಕೊಂಡ ಹೋಗ್ತಿದ್ರು. ಆಗ ಕಲ್ಯಾಣದಿಂದ ಉಣ್ಣಿ ಒಯ್ಯಾಕ ಒಬ್ಬ ಬಣ್ಣಗಾರ ಬರ್ತಿದ್ದ. ಈ ಖಾಜಾಮಿಯಾನ ಅಜ್ಜ. ಅವ್ರ ನಮ್ಮ ಹಟ್ಟಿಗಿ ಬರಾಕತ್ತಾರ ಅಂತ ಅವ್ಗ ಗೊತ್ತಾತು. ತನ್ನ ಹಸರ ಬಣ್ಣ ತಂದ, ತನ್ನ ಕೈಲೆ ಒಂದೊಂದ ಕುರಿಗೂ ಒತ್ತಿದ. ಅವ್ರ ಬಂದಾಗ, ಈ ಹಿಂಡ ನಂದು, ಇವರ ನನ್ನ ಆಳು ಅಂದ. ಅವ್ರ ಬಿಟ್ಟ ಹ್ವಾದ್ರು."

"ಆಮ್ಯಾಲ?"

"ಆಮ್ಯಾಲ ಹಿಂದುಸ್ತಾನದ ಫೌಜ್ ಬಂತು. ರಾಜ್ಯ ಬಿತ್ತು. ಅದಾದ ಮ್ಯಾಲ ಬ್ಯಾರೆ ಮಂದಿ ಎದ್ರು. ಅವ್ರ ಕೈಯಾಗೂ ಬಡಿಗಿ. ಇವ್ರೂ ದೇಶ ಕಾಯಾವ್ರ. ಬಣ್ಣಗಾರನ ಓಣಿಗಿ ಹೊಂಟಿದ್ರು. ನಮ್ಮಜ್ಜ ಅವನ ಹೆಂಡತಿನ್ನ, ಕೂಸುಗೋಳ್ನ ಹಟ್ಟಿಗಿ ಕರಕೊಂಡ ಬಂದು, ಕುರಿ ನಡಬರಕ ಕಂಬಳಿ ಹೊಚ್ಚಿ ಮಲಗ್ಸಿದ. ಬಂದವ್ರು, ಹಸರ ಬಣ್ಣ ಯಾರ್ದು ಅಂದ್ರು. ನಮ್ಮಜ್ಜ ಬೋಗುಣಿಗಿ ಕೈ ಅದ್ದಿ ಅವ್ರ ಮುಂದ ಒಂದ ಕುರಿಗಿ ಒತ್ತಿ ತೋರಿಸಿದ. ನಮ್ಮನಿದು ಅಂದ. ಅವತ್ತಿಂದ ಅದ ನಮ್ದ."

ಕದಿರು ನಿಂತಿತು. "ಅವ್ರ ಅಂಜಿಕಿಗಿ ಬಿಡಲಿಲ್ಲ, ಇವ್ರ ಅಂಜಿಕಿಗಿ ಬಿಡಲಿಲ್ಲ. ಈಗ ಆ ಸಂತ್ಯಾನ ಅಂಜಿಕಿಗಿ ಬಿಡ್ತೀಯೇನೋ ಮಾಳ್ಯಾ? ಅವ್ಗ ನಾ ಮೂಗ ಒರಸೀನಿ."

ಕಾಕಾ ಕತ್ತರಿಯ ಅಲಗನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದರು. "ಬಣ್ಣ ಕಲಸ್ರಿ" ಎಂದರು.

ಉಣ್ಣೆ ಕತ್ತರಿಸುವ ದಿನ ಬಿಸಿಲು ತಗಡಿನ ಹಾಗೆ ಕಾದಿತ್ತು. ಕೆರೆಯಲ್ಲಿ ಮೈ ತೊಳೆದ ಕುರಿಗಳು ಬೇವಿನ ಕೆಳಗೆ ಒತ್ತಾಗಿ ನಿಂತಿದ್ದವು. ಉಣ್ಣೆ ಕತ್ತರಿಸುತ್ತ ಹೋದಂತೆ ಅವು ತೆಳ್ಳಗೆ, ಗುರುತು ಸಿಗದಂತೆ ಆಗುತ್ತಿದ್ದವು. ಮರಿಗಳು ತಾಯಿಯನ್ನು ಮೂಸಿ ಮೂಸಿ ಖಾತ್ರಿ ಮಾಡಿಕೊಳ್ಳುತ್ತಿದ್ದವು. ನಾನು ಬೋಗುಣಿಯಲ್ಲಿ ಅಗಸೆ ಎಣ್ಣೆ ಹಾಕಿ ಪುಡಿ ಕಲಸಿದೆ. ಈ ಎಣ್ಣೆ ಗಾಳಿಗೆ ಗಟ್ಟಿಯಾಗಿ ಪದರ ಕಟ್ಟುತ್ತದೆ. ಆ ಹಸಿರನ್ನು ಬಿಸಿಲು ಬಿಳುಪಾಗಿಸುವುದಿಲ್ಲ, ಮಳೆ ಕರಗಿಸುವುದಿಲ್ಲ. ಇದನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಪಾಠ ಮಾಡಿದ್ದೆ. ಆ ದಿನ ಮಾತ್ರ ಅದು ಖುಷಿ ಕೊಟ್ಟಿತು.

ಕಾಕಾ ತಮ್ಮ ಪಾಲು ಮುಗಿಸಿ, ರೂಢಿಯಂತೆ ನನ್ನ ಕುರಿಗಳತ್ತ ತಿರುಗಿದರು. ನಾನು ದುಪಟ್ಟಾ ಸೊಂಟಕ್ಕೆ ಕಟ್ಟಿ, "ತಡೀರಿ ಕಾಕಾ" ಎಂದೆ. ಬಲಗೈ ಅದ್ದಿ ನನ್ನ ಪಾಲಿಗೆ ಒತ್ತಿದೆ. ಬೋಳು ಚರ್ಮ ಅಂಗೈ ಕೆಳಗೆ ಬೆಚ್ಚಗೆ ನಡುಗಿತು. ನನ್ನ ಗುರುತು ಚಿಕ್ಕದು, ಬೆರಳುಗಳು ಸಣ್ಣ.

"ರೇವಣ್ಣಂದಕ?" ಎಂದರು ಕಾಕಾ.

ಎಡಗೈ ಅದ್ದಿದೆ. ಅವನ ಕುರಿಗಳಿಗೆಲ್ಲ ಎಡಗೈ ಒತ್ತಿದೆ, ನನ್ನವುಗಳಿಂದ ಬೇರೆ ತಿಳಿಯಲಿ ಎಂದು. ಅವ್ವ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಳು. ಬೈಯುತ್ತಾಳೆಂದುಕೊಂಡೆ. ಅವಳು ಇಳಿದು ಬಂದು ಕೊನೆಯ ಮರಿಯ ಕಿವಿ ಹಿಡಿದು, "ಇದೂ ಅವಂದ, ಬಿಟ್ಟೀ ನೋಡು" ಎಂದಳು.

ಹಿಂಡು ಮನ್ನಾಏಖೇಳ್ಳಿ ಕ್ರಾಸಿಗೆ ಬಂದಾಗ ಬೆಳಗಿನ ಚಹಾ ಅಂಗಡಿಗಳು ತುಂಬಿದ್ದವು. ಮುಂದೆ ಕಾಕಾ, ಅವರ ಹಿಂದೆ ದೊಡ್ಡ ಟಗರು, ಪಕ್ಕದಲ್ಲಿ ನಾನು. ಹಿಂಡಿನ ಜೊತೆ ನಾನು ಯಾವತ್ತೂ ನಡೆದವಳಲ್ಲ. ಶಾಮಿಯಾನದಿಂದ ಸೀಟಿ ಕೇಳಿತು. ಬಡಿಗೆಗಳು ರಸ್ತೆಗೆ ಅಡ್ಡ ಬಂದವು. ಒಬ್ಬನ ಕೈಯಲ್ಲಿ ಕೇಸರಿ ಸ್ಪ್ರೇ ಡಬ್ಬಿ.

"ಕಾಕಾ, ಹೇಳಿದ್ದೆಲ್ಲಾ ಮರತೀರೇನ್ರಿ?" ಎಂದ ಸಂತೋಷ.

"ಮರತಿಲ್ಲಪಾ. ಕೇಳಿಲ್ಲ" ಎಂದರು ಕಾಕಾ.

ಸ್ಪ್ರೇ ಹಿಡಿದವನು ಮುಂದೆ ಬಂದ. "ಹಸರು ಯಾರ ಬಣ್ಣ ಗೊತ್ತದೇನ್ರಿ ನಿಮಗ?"

"ಗೊತ್ತದ" ಎಂದೆ. "ನಮ್ಮನಿದು." ಎರಡೂ ಅಂಗೈ ಎತ್ತಿ ಅವನ ಮುಂದೆ ಹಿಡಿದೆ. ಅವನು ಹಿಂದಕ್ಕೆ ಸರಿದ. ಬಣ್ಣ ಹತ್ತುತ್ತದೆಂದುಕೊಂಡನೋ ಏನೋ. ಅದು ಆಗಲೇ ಒಣಗಿತ್ತು.

ಎರಡೂ ಕಡೆ ಲಾರಿಗಳು ನಿಂತು ಹಾರ್ನ್ ಹಾಕುತ್ತಿದ್ದವು. ಜನ ಚಹಾ ಲೋಟ ಹಿಡಿದೇ ಬಂದು ಸುತ್ತ ನಿಂತರು. ನಾಲ್ಕು ಜನರ ಮುಂದೆ ಎತ್ತರದ ದನಿಯಲ್ಲಿ ಮಾತಾಡುವುದು ನನಗೆ ಎಂದೂ ಒಗ್ಗಿಲ್ಲ. ಆ ದಿನ ಆಡಿದೆ.

"ಸಂತೋಷ, ಮ್ಯಾಲಿನ ಫೋಟೋದಾಗ ಇನ್ನೊಂದ ಜೀವ ಇತ್ತು. ಅದನ್ನ ಎಲ್ಲಿ ಕಳಿಸೀರಿ?"

"ಏನ ಜೀವ ಅಕ್ಕಾ?"

ನಾನು ಫೋನ್ ತೆಗೆದು ಪೂರ್ತಿ ಚಿತ್ರ ತೋರಿಸಿದೆ. ಅವನು ನೋಡಿದ. ಅವನ ಹಿಂದಿನವರೂ ಬಗ್ಗಿ ನೋಡಿದರು. ಸಮವಸ್ತ್ರದ ತೋಳಿನಲ್ಲಿ ಮರಿ, ಮರಿಯ ಬೆನ್ನ ಮೇಲೆ ರೇವಣ್ಣನ ಅಗಲವಾದ ಹಸಿರು ಅಂಗೈ.

"ಆ ಮರಿ ಈಗ ದೊಡ್ಡದಾಗ್ಯಾದ. ಅಗೋ, ಅಲ್ಲಿ ನಿಂತದ" ಎಂದೆ. "ಎಡಗೈ ಗುರುತಿನವು ಎಲ್ಲಾ ಅವನ ಪಾಲಿನ ಕುರಿ. ನೀವು ಅವನ ಫೋಟೋ ಮ್ಯಾಲ ಕಟ್ಟಿ, ಅವನ ಕುರಿ ಕೆಳಗ ತಡದೀರಿ."

ಉಳ್ಳಾಗಡ್ಡಿ ಲಾರಿಯ ಡ್ರೈವರ್ ಕಿಟಕಿಯಿಂದ ತಲೆ ಹಾಕಿದ. "ಸಿಪಾಯಿ ಕುರಿ ಹಿಡದೀರೇನ್ರೋ! ಅವ್ನ ಗಡಿ ಕಾಯ್ಲಿ, ನೀವು ಅವ್ನ ಕುರಿ ಕಾಯ್ರಿ!" ಸುತ್ತ ನಿಂತವರು ನಕ್ಕರು.

ಸಂತೋಷನ ಕುತ್ತಿಗೆ ಕೆಂಪಾಯಿತು. ಅವನು ನನ್ನ ಹತ್ತಿರ ಬಂದು, ಬೇರೆ ಯಾರಿಗೂ ಕೇಳದಂತೆ ಹೇಳಿದ: "ನನಗೂ ದೇಶಕ್ಕ ಏನರ ಮಾಡಬೇಕಂತ ಅನಸ್ತದ ಅಕ್ಕಾ. ಅಲ್ಲಿ ತಗೋಲಿಲ್ಲ. ಇಲ್ಲಿ ನಿಂತೀನಿ."

ಅವನ ಮೇಲೆ ಸಿಟ್ಟು ಮಾಡಿಕೊಂಡು ಬಂದಿದ್ದೆ. ಅದು ಹೋಗಲಿಲ್ಲ, ಆದರೆ ಅದರ ಪಕ್ಕದಲ್ಲಿ ಪೇಡೆ ತಿನ್ನಿಸಿ ಹೋದ ಹುಡುಗನೂ ಬಂದು ನಿಂತ.

"ಮಾಡು" ಎಂದೆ. "ಲಾರಿ ನಿಂದ್ರಿಸು. ಕುರಿ ದಾಟ್ಲಿ."

ಅವನು ರಸ್ತೆಯ ನಡುವೆ ಹೋದ. ಸೀಟಿ ಬಾಯಿಗಿಟ್ಟು ಊದಿದ. ಬಡಿಗೆಯನ್ನು ಲಾರಿಗಳ ಕಡೆ ಅಡ್ಡ ಹಿಡಿದ. ಕಾಕಾ ನಾಲಿಗೆಯಿಂದ ಟಕ್ ಎಂದರು. ಟಗರು ಡಾಂಬರಿಗೆ ಕಾಲಿಟ್ಟಿತು. ಅದರ ಹಿಂದೆ ಹಿಂಡೆಲ್ಲ, ಗೊರಸಿನ ಸಣ್ಣ ಸದ್ದಿನೊಂದಿಗೆ, ಹೆದ್ದಾರಿಯ ತುಂಬ ಹಸಿರು ಕೈಗಳು ಹರಿದುಹೋದಂತೆ ದಾಟಿತು. ಸ್ಪ್ರೇ ಹಿಡಿದವನು ತಡೆಯಲಾರದೆ ಒಂದು ಮುದಿ ಕುರಿಯ ಸೊಂಟಕ್ಕೆ ಕೇಸರಿ ಸಿಡಿಸಿದ. ಅದು ಒಮ್ಮೆ ಸೀನಿ, ಎರಡೂ ಬಣ್ಣ ಹೊತ್ತುಕೊಂಡು ಉಳಿದವುಗಳ ಹಿಂದೆ ಓಡಿತು.

ಕಾಕಾ ಆಚೆ ದಂಡೆಯಿಂದ ಕೂಗಿದರು. ನಾನು ಹೋಗಲಿಲ್ಲ. ನನಗೆ ಇನ್ನೊಂದು ಕೆಲಸವಿತ್ತು. "ಫೋಟೋ ಇಳಿಸು" ಎಂದೆ ಸಂತೋಷನಿಗೆ.

"ಅದು ನನ್ನ ಕೈಯಾಗಿಲ್ಲ ಅಕ್ಕಾ. ಮ್ಯಾಲಿನವ್ರ ಹಾಕ್ಸಿದ್ದು."

"ಅವ್ನು ಜೀವಂತ ಅದಾನ. ಅವ್ನ ಕೇಳಿಲ್ಲ, ಅವ್ವನ್ನ ಕೇಳಿಲ್ಲ. ಅವನ ಮಾರಿ ಕೆಳಗ ನಿಂತು ನೀವು ಮಂದಿ ಹೆಸರ ಕೇಳಾಕತ್ತೀರಿ. ಅವ್ನು ಯಾರ ಹೆಸರೂ ಕೇಳಿ ಅಲ್ಲಿ ನಿಂತಿಲ್ಲ."

ನನ್ನ ಹೆಗಲ ಚೀಲದಲ್ಲಿ ಉಣ್ಣೆಯ ಕತ್ತರಿ ಇತ್ತು, ಮಡ್ಡಿಯ ಹಟ್ಟಿಗೆ ಒಯ್ಯಬೇಕಾದದ್ದು. ಬಿದಿರಿಗೆ ಕಟ್ಟಿದ ಹಗ್ಗಗಳನ್ನು ಒಂದೊಂದಾಗಿ ಕತ್ತರಿಸಿದೆ. ಇಬ್ಬರು ಮುಂದೆ ಬಂದರು. ಸಂತೋಷ ತನ್ನ ಬಡಿಗೆಯನ್ನು ಅವರಿಗೆ ಅಡ್ಡ ಹಿಡಿದ. ಫ್ಲೆಕ್ಸ್ ಗಾಳಿಗೆ ಒಮ್ಮೆ ಉಬ್ಬಿ ಕೆಳಗೆ ಬಿತ್ತು. ರೇವಣ್ಣನ ಮುಖ ಒಳಗೆ ಬರುವಂತೆ ಮಡಚಿ, ಹೆಗಲಿಗೆ ಹಾಕಿಕೊಂಡು ರಸ್ತೆ ದಾಟಿದೆ.

ಯಾರೋ ವೀಡಿಯೊ ಮಾಡಿದ್ದರು. ಸಂಜೆಯೊಳಗೆ ಅದು ಎಲ್ಲರ ಫೋನಿನಲ್ಲಿತ್ತು: ಸೈನಿಕನ ಚಿತ್ರ ಕಿತ್ತೆಸೆದ ಉಪನ್ಯಾಸಕಿ. ಆ ಸೈನಿಕ ಅವಳ ತಮ್ಮ ಎಂಬ ಮಾತು ಎಲ್ಲಿಯೂ ಇರಲಿಲ್ಲ. ಮರಿಯನ್ನು ಕತ್ತರಿಸಿದ ಹಾಗೆಯೇ ಅದನ್ನೂ ಕತ್ತರಿಸಿದ್ದರು. ವಾರದ ಮೇಲೆ ಕಾಲೇಜಿಗೆ ಹೋದಾಗ ಪ್ರಾಂಶುಪಾಲರು ಕರೆಸಿದರು. ಅವರು ಒಳ್ಳೆಯವರು, ಹೆದರಿದ್ದರು. "ಒಂದು ಕ್ಷಮಾಪಣೆ ಬರೆದುಕೊಡಿ ಮೇಡಂ. ಎರಡು ಸಾಲು ಸಾಕು. ಮುಂದಿನ ವರ್ಷಕ್ಕೆ ನಿಮ್ಮ ಹೆಸರು ಕಳಿಸಲು ನನಗೂ ಅನುಕೂಲವಾಗುತ್ತದೆ" ಎಂದು ಬಿಳಿ ಹಾಳೆ ಮುಂದಿಟ್ಟರು. ನಾನು ಮೇಜಿನ ಮೇಲೆ ಕೈ ಇಟ್ಟೆ. ಹಸಿರು ಇನ್ನೂ ಹೋಗಿರಲಿಲ್ಲ. ಅವರ ಕಣ್ಣು ಅಲ್ಲಿಗೆ ಹೋಗಿ ಅಲ್ಲೇ ನಿಂತಿತು.

"ತಪ್ಪು ಯಾವುದೆಂದು ಹೇಳಿದರೆ ಬರೆಯುತ್ತೇನೆ ಸರ್" ಎಂದೆ.

ಅವರು ಹಾಳೆಯನ್ನು ನನ್ನತ್ತ ಇನ್ನಷ್ಟು ಸರಿಸಿದರು. ಅದನ್ನು ಅಲ್ಲೇ ಬಿಟ್ಟು ಎದ್ದು, ಪ್ರಯೋಗಾಲಯಕ್ಕೆ ಹೋಗಿ ಆ ದಿನದ ಪಾಠ ಮಾಡಿದೆ. ಅಲ್ಲಿ ನನ್ನ ಕೊನೆಯ ವಾರ ಅದು. ಈಗ ಹುಮನಾಬಾದದಲ್ಲಿ ಟ್ಯೂಷನ್ ಹೇಳುತ್ತೇನೆ. ಮಕ್ಕಳು ಬರುತ್ತಾರೆ.

ಮನ್ನಾಏಖೇಳ್ಳಿಯ ಶಾಮಿಯಾನ ಮೊದಲ ಮಳೆಗೆ ಕುಸಿಯಿತು, ಮತ್ತೆ ಎದ್ದಿಲ್ಲ. ಇನ್ನೊಮ್ಮೆ ಏಳುವುದಿಲ್ಲ ಎಂದು ನಾನು ಹೇಳಲಾರೆ. ಫ್ಲೆಕ್ಸ್ ಅನ್ನು ಕಾಕಾ ಕೊಹಿನೂರದ ಮಡ್ಡಿಗೆ ಒಯ್ದು ಮರಿಗಳ ಗೂಡಿನ ಮೇಲೆ ಹೊದಿಸಿದರು. ಹುಲಿ, ನಕಾಶೆ ಎಲ್ಲ ಒಳಮುಖ. ಮಳೆಗಾಲವಿಡೀ ಮರಿಗಳು ನನ್ನ ತಮ್ಮನ ನಗುವಿನ ಕೆಳಗೆ ಮಲಗಿದವು. ಕಾಕಾ ಹೇಳಿದಂತೆ, ಒಂದು ಹನಿಯೂ ಸೋರಲಿಲ್ಲ.

ಗುಂಡಿನ ಸದ್ದು ನಿಂತ ಮೇಲೆ ರೇವಣ್ಣನ ಫೋನ್ ಬಂತು. ಅವ್ವ ಮಾತಾಡಿದಳು, ಅತ್ತಳು, ರೊಟ್ಟಿ ಹೊತ್ತುತ್ತಿದ್ದರೂ ಬಿಡಲಿಲ್ಲ. ಆಯಿ ಫೋನನ್ನು ಕಿವಿಗೆ ಉಲ್ಟಾ ಹಿಡಿದು ಆಶೀರ್ವಾದ ಮಾಡಿದಳು. ಕೊನೆಗೆ ನನ್ನ ಕೈಗೆ ಬಂತು. ಕ್ರಾಸಿನ ವೀಡಿಯೊ ಅವನಿಗೆ ಮುಟ್ಟಿತ್ತೋ ಇಲ್ಲವೋ ಗೊತ್ತಿಲ್ಲ. ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಕಡೆ ಗಾಳಿ ಜೋರಾಗಿ ಬೀಸುತ್ತಿತ್ತು.

"ಕುರಿ ದಾಟಿದ್ವೇನು ಅಕ್ಕಾ?"

"ದಾಟಿದ್ವು."

"ನನ್ನ ಪಾಲಿಗಿ ಯಾರ ಒತ್ತಿದ್ರು?"

"ನಾನ ಒತ್ತೀನಿ. ಎಡಗೈಲೆ."

ಅವನು ನಕ್ಕ, ಫೋಟೋದಲ್ಲಿ ನಕ್ಕ ಹಾಗೆ.

"ಎರಡೂ ಕೈ ಹಸರ ಆಗಿರಬೇಕಲ್ಲ. ಮತ್ತ ಕಾಲೇಜಿಗಿ ಹ್ಯಾಂಗ ಹೋದಿ?"

"ಹಂಗ ಹೋದೆ" ಎಂದೆ.